ಒಳ್ಳೇ ಕಾರ್ಯಕ್ಕಾಗಿ ಮಾತನ್ನು ಹೆಚ್ಚಿಸಿ ಹೇಳಬಹುದೋ?



ನಮ್ಮ ಗ್ರಾಮಗಳಲ್ಲಿ ಈಗ ಸಂಘಗಳಿಗೆ ಕೊರತೆಯಿಲ್ಲ. ಹಾಲಿನ ಸಂಘವುಂಟು, ಸ್ತ್ರೀಯರ ಸ್ವಸಹಾಯ ಸಂಘವುಂಟು, ನಾಲೆಯ ನೀರು ಬಳಸುವವರ ಸಂಘವುಂಟು, ಯೌವನಸ್ಥರ ಸಂಘವುಂಟು. ಇಂಥ ಪ್ರತಿಯೊಂದು ಸಂಘದಲ್ಲಿಯೂ ಓದುಬರಹ ಬಲ್ಲ ಒಬ್ಬನ ಅಥವಾ ಒಬ್ಬಳ ಕೈಗೆ ಲೇಖನಿಯು ಬಂದು ಸೇರುತ್ತದೆ. ಊರವರಿಗೆ ಹಂಚತಕ್ಕ ಕರಪತ್ರವನ್ನೂ, ತಾಲ್ಲೂಕು ಕಚೇರಿಗೆ ಕಳುಹಿಸತಕ್ಕ ಅರ್ಜಿಯನ್ನೂ, ದೂರದಿಂದ ಹಣಕೊಟ್ಟವರಿಗೆ ಒಪ್ಪಿಸತಕ್ಕ ವರದಿಯನ್ನೂ ಬರೆಯುವವರು ಅವರೇ. ಕೆಲವು ವರ್ಷಗಳಿಂದ ಇಂಥ ಬರಹಗಳಲ್ಲಿ ಮೇಲಿಂದ ಮೇಲೆ ಬರುವ ವಿಷಯವು ಹವಾಗುಣದ ಬದಲಾವಣೆಯೂ ಅದರ ನಿಮಿತ್ತ ನಾವು ಮಾಡತಕ್ಕ ಕಾರ್ಯವೂ ಆಗಿದೆ. ಹೀಗಿರಲಾಗಿ ಲೇಖನಿ ಹಿಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟುವದು ಸಹಜ. ಅದೇನಂದರೆ, ಕಾರ್ಯವು ಒಳ್ಳೇದಾಗಿದ್ದು ಜನರು ಸುಮ್ಮನೆ ಕುಳಿತಿರುವಾಗ, ಅವರನ್ನು ಎಬ್ಬಿಸುವದಕ್ಕೋಸ್ಕರ ಮಾತನ್ನು ಸ್ವಲ್ಪ ಹೆಚ್ಚಿಸಿ ಹೇಳಬಹುದೋ? ಈ ಪ್ರಶ್ನೆಯನ್ನು ನಾವು ಶಾಂತವಾಗಿ ವಿಚಾರಿಸೋಣ.

ಮೊದಲು ವಿಷಯವನ್ನೇ ತಿಳುಕೊಳ್ಳಬೇಕು. ಯಾಕಂದರೆ ತನಗೆ ತಿಳಿಯದ್ದನ್ನು ಬರೆಯುವವನು ಇತರರಿಗೆ ತಿಳಿಸಲಾರನು. ಹವೆ ಬೇರೆ, ಹವಾಗುಣ ಬೇರೆ. ಇಂದು ಮೋಡ ಕಟ್ಟಿತು, ನಾಳೆ ಬಿಸಿಲು ಬಂತು ಎಂಬದು ಹವೆ. ಸುಮಾರು 30 ವರ್ಷಗಳ ಮಳೆ ಬಿಸಿಲುಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ ಕಾಣುವದು ಹವಾಗುಣ. ಒಂದು ದಿನದ ವ್ಯಾಪಾರದಿಂದ ಅಂಗಡಿಯ ಲಾಭನಷ್ಟವನ್ನು ಹೇಳಲಾಗುವದಿಲ್ಲ. ವರುಷದ ಲೆಕ್ಕದ ಪುಸ್ತಕವನ್ನು ತೆರೆಯಬೇಕು. ಹಾಗೆಯೇ ಒಂದು ಬೇಸಿಗೆಯ ಸೆಕೆಯಿಂದ ಲೋಕವು ಬಿಸಿಯಾಯಿತೆಂದಾಗಲಿ, ಒಂದು ಚಳಿಗಾಲದ ಚಳಿಯಿಂದ ಅದು ಸುಳ್ಳೆಂದಾಗಲಿ ಹೇಳಕೂಡದು.

ಆ ದೊಡ್ಡ ಲೆಕ್ಕವು ಏನು ಹೇಳುತ್ತದೆ? ಕಲ್ಲಿದ್ದಲನ್ನೂ ಭೂಮಿಯ ಎಣ್ಣೆಯನ್ನೂ ಸುಟ್ಟಾಗ ಹೊರಡುವ ಇಂಗಾಲಾಮ್ಲ ವಾಯುವು ಭೂಮಿಯ ಮೇಲೆ ಕಂಬಳಿಯ ಹಾಗೆ ಶಾಖವನ್ನು ಹಿಡಿದಿಡುತ್ತದೆ. ಈ ವಾಯುವು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂಬದನ್ನು ಸ್ವೀಡನ್ ದೇಶದ ಅರ್ಹೇನಿಯಸ್ ಎಂಬ ವಿಜ್ಞಾನಿಯು 1896ರಲ್ಲಿಯೇ ಲೆಕ್ಕಹಾಕಿದನು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಈ ವಾಯುವು ಸುಮಾರು 280 ಪಾಲು ಇತ್ತು. ಈಗ 420ಕ್ಕಿಂತ ಹೆಚ್ಚಾಗಿದೆ. ಭೂಮಿಯ ಸರಾಸರಿ ಉಷ್ಣವು ಆ ಕಾಲಕ್ಕಿಂತ 1 ಡಿಗ್ರಿಗೂ ಮೀರಿ ಏರಿದೆ. ಒಂದು ಡಿಗ್ರಿ ಬಿಸಿಯಾದ ಗಾಳಿಯು ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದಕಾರಣ ಸುರಿಯುವಾಗ ಮಳೆ ಒಮ್ಮೆಲೇ ಬಿರುಸಾಗಿ ಸುರಿಯುವದು. ಸುರಿಯದೆ ಇರುವಾಗ ಅದೇ ಬಿಸಿಗಾಳಿಯು ಹೊಲದ ತೇವವನ್ನು ಬೇಗನೆ ಹೀರಿಕೊಳ್ಳುವದು. ನೆರೆಯೂ ಬರವೂ ಒಂದೇ ಕಾರಣದಿಂದ ಹೆಚ್ಚುವದು ಹೇಗೆಂದು ಕೇಳುವವರಿಗೆ ಇದೇ ಉತ್ತರ.

ಇನ್ನು ನಮ್ಮ ಸೀಮೆಗೆ ಬರೋಣ. ಕಳಲೆಯೂ ನಂಜನಗೂಡೂ ಕಬಿನಿಯ ಸೀಮೆ. ಆ ಹೊಳೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆದರೆ ಅದರ ಹುಟ್ಟು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಬಿರುಸಾದರೆ ಹೆಗ್ಗಡದೇವನಕೋಟೆ ಸೀಮೆಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯು ತುಂಬಿ, ಬಿಟ್ಟ ನೀರು ನಮ್ಮ ಕಡೆಗೆ ಬರುವದು. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ನಂಜನಗೂಡಿನ ಹದಿನಾರು ಕಾಲಿನ ಮಂಟಪವು ನೀರಿನಲ್ಲಿ ಮುಳುಗಿದ್ದನ್ನೂ, ತಗ್ಗಿನ ಮನೆಗಳಿಗೆ ಹೊಳೆ ನುಗ್ಗಿದ್ದನ್ನೂ ನೀವು ಕಂಡಿದ್ದೀರಿ. ಬಳಿಕ 2023ರಲ್ಲಿ ಮಳೆ ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಸಾರಿತು. ಅದರ ಮರುವರುಷ, 2024ರ ಜುಲೈ 30ರಂದು, ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನರು ಸತ್ತರು. ಇಷ್ಟೆಲ್ಲಾ ನಡೆದಿರುವಾಗ ಬರೆಯುವವನು ಮಾತನ್ನು ಹೆಚ್ಚಿಸಬೇಕಾದ ಅಗತ್ಯವೇ ಇಲ್ಲವೆಂದು ತೋರಬಹುದು. ಆದರೂ ಶೋಧನೆಯು ಬರುತ್ತದೆ.

ಅದು ಬರುವ ಬಗೆ ಹೀಗೆ. ಕರಪತ್ರ ಬರೆಯುವವನು ಊರವರ ಮನಮುಟ್ಟುವ ಒಂದು ನಿದರ್ಶನವನ್ನು ಹುಡುಕುತ್ತಾನೆ. ಆಗ ನಂಜನಗೂಡಿನ ರಸಬಾಳೆಯು ಅವನಿಗೆ ನೆನಪಾಗುವದು. ಭೌಗೋಳಿಕ ಗುರುತಿನ ಮಾನವನ್ನು ಪಡೆದ ಆ ಹಣ್ಣು ಒಂದಾನೊಂದು ಕಾಲದಲ್ಲಿ ಈ ಸೀಮೆಯ ತೋಟಗಳಲ್ಲಿ ಧಾರಾಳವಾಗಿತ್ತು. ಈಗ ಅದನ್ನು ಬೆಳೆಯುವವರು ಸ್ವಲ್ಪ ಮಂದಿ. ಅವನು, ಹವಾಗುಣದ ಬದಲಾವಣೆಯು ನಮ್ಮ ರಸಬಾಳೆಯನ್ನು ನುಂಗಿತು, ಎಂದು ಬರೆದರೆ ಓದುವವರ ಕಣ್ಣಲ್ಲಿ ನೀರು ಬಂದೀತು. ಆದರೆ ಅದು ನಿಜವಲ್ಲ. ರಸಬಾಳೆಯನ್ನು ಮುಖ್ಯವಾಗಿ ಕೆಡಿಸಿದ್ದು ಪನಾಮಾ ಸೊರಗು ರೋಗ. ಅದು ಮಣ್ಣಿನಲ್ಲಿ ಅನೇಕ ವರುಷ ಅಡಗಿರುವ ಒಂದು ಬೂಷ್ಟಿನಿಂದ ಬರುವಂಥಾದ್ದು. ತೋಟದವನು ಆ ಹಳದಿ ಎಲೆಯನ್ನೂ, ಸೀಳಿದ ಗೆಡ್ಡೆಯೊಳಗಿನ ಕೆಂಪು ಕಲೆಯನ್ನೂ ತನ್ನ ಕಣ್ಣಾರೆ ಕಂಡವನು. ಅವನು ಕರಪತ್ರವನ್ನು ಓದಿ ಏನೆಂದುಕೊಳ್ಳುವನು? ತನಗೆ ತಿಳಿದ ಬಾಳೆಯ ವಿಷಯದಲ್ಲಿ ಈ ಸಂಘದವರು ಸುಳ್ಳು ಹೇಳಿದರೆ, ತನಗೆ ತಿಳಿಯದ ಗಾಳಿಯ ವಿಷಯದಲ್ಲಿ ಇವರನ್ನು ಹೇಗೆ ನಂಬಲಿ ಎಂದುಕೊಳ್ಳುವನು. ಒಂದು ಸುಳ್ಳು ತನ್ನ ಹಿಂದೆ ನಿಂತ ಹತ್ತು ಸತ್ಯಗಳ ಬಾಗಿಲನ್ನು ಮುಚ್ಚುವದು.

ಇಂಥ ತಪ್ಪು ಹಳ್ಳಿಯ ಸಂಘಗಳಿಗೆ ಮಾತ್ರ ಸಂಭವಿಸುತ್ತದೆಂದು ಯಾರೂ ತಿಳಿಯಬಾರದು. ಲೋಕದ ಸರಕಾರಗಳು 1988ರಲ್ಲಿ ಹವಾಗುಣದ ವಿಷಯವನ್ನು ಪರೀಕ್ಷಿಸುವದಕ್ಕಾಗಿ ಒಂದು ಮಂಡಲಿಯನ್ನು ಏರ್ಪಡಿಸಿದವು. ಅದರ 2007ರ ದೊಡ್ಡ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲದೆ ಹೋಗುವ ಸಂಭವವುಂಟೆಂಬ ಒಂದು ಮಾತು ಸರಿಯಾದ ಪರೀಕ್ಷೆಯಿಲ್ಲದೆ ಸೇರಿಹೋಯಿತು. 2010ರ ಜನವರಿಯಲ್ಲಿ ಮಂಡಲಿಯು ಅದು ಆಧಾರವಿಲ್ಲದ್ದೆಂದು ಒಪ್ಪಿ ವಿಷಾದವನ್ನು ತಿಳಿಸಿತು. ಹಿಮನದಿಗಳು ಕರಗುತ್ತಿರುವದು ನಿಶ್ಚಯವೇ; ಆದರೆ ಆ ಒಂದು ತಪ್ಪಾದ ವರುಷದ ದೆಸೆಯಿಂದ, ಸಾವಿರಾರು ಪುಟಗಳ ನಿಜವನ್ನೂ ಅನುಮಾನಿಸುವದಕ್ಕೆ ವಿರೋಧಿಗಳಿಗೆ ಆಸ್ಪದವಾಯಿತು. ವಿದ್ವಾಂಸರ ಮಂಡಲಿಗೇ ಇಷ್ಟು ನಷ್ಟವಾದರೆ, ಇಪ್ಪತ್ತು ಮನೆಗಳ ನಂಬಿಕೆಯ ಹೊರತು ಬೇರೆ ಬಂಡವಾಳವಿಲ್ಲದ ಸಂಘಕ್ಕೆ ಎಷ್ಟು ನಷ್ಟವಾದೀತು!

ಇಲ್ಲಿ ಒಬ್ಬನು ಎದ್ದು, ಅಯ್ಯಾ, ಮನೆಗೆ ಬೆಂಕಿ ಹತ್ತಿರುವಾಗ ಮಾತನ್ನು ತಕ್ಕಡಿಯಲ್ಲಿ ತೂಗುತ್ತಾ ಕೂತಿರಲೋ, ಎಂದು ಕೇಳಬಹುದು. ಈ ಆಕ್ಷೇಪಣೆಯು ಹಗುರವಾದದ್ದಲ್ಲ. ಆದರೆ ಬೆಂಕಿ ಹತ್ತಿದಾಗಲೇ ನಿಜವಾದ ಮಾತು ಹೆಚ್ಚು ಬೇಕಾಗಿರುವದು. ಯಾವ ಮನೆಗೆ ಹತ್ತಿತು, ಒಳಗೆ ಯಾರಿದ್ದಾರೆ, ನೀರು ಯಾವ ಬಾವಿಯಲ್ಲಿದೆ ಎಂಬದನ್ನು ಸರಿಯಾಗಿ ಕೂಗಿ ಹೇಳುವವನು ಊರನ್ನು ಉಳಿಸುವನು. ಊರೆಲ್ಲಾ ಸುಟ್ಟುಹೋಯಿತೆಂದು ಅರಚುವವನು ಜನರನ್ನು ಕೊಡಗಳ ಕಡೆಗೆ ಓಡಿಸುವದಿಲ್ಲ. ಗಂಟುಮೂಟೆ ಕಟ್ಟಿಕೊಂಡು ಊರುಬಿಟ್ಟು ಓಡುವಂತೆ ಮಾಡುತ್ತಾನೆ. ಅತಿಯಾದ ಭಯವು ಕೈಗಳನ್ನು ಕಟ್ಟಿಹಾಕುವದೇ ಹೊರತು ಕೆಲಸಕ್ಕೆ ಹಚ್ಚುವದಿಲ್ಲ.

ಮತ್ತೊಬ್ಬನು, ನಮಗೆ ಪೂರಾ ನಿಶ್ಚಯವಿಲ್ಲದ ಸಂಗತಿಗಳನ್ನು ನಿಶ್ಚಯವಿಲ್ಲವೆಂದು ಬರೆದರೆ, ಸೋಮಾರಿಯು ಅದನ್ನೇ ನೆವಮಾಡಿಕೊಂಡು ಸುಮ್ಮನಿರುವನಲ್ಲವೇ, ಎನ್ನಬಹುದು. ಪಟ್ಟಣದವರ ವಿಷಯ ಹೇಗೋ, ಬೇಸಾಯಗಾರನ ವಿಷಯದಲ್ಲಿ ಈ ಭಯವು ಬೇಕಾಗಿಲ್ಲ. ಯಾವ ರೈತನು ಮಳೆಯಿಂದ ಕರಾರುಪತ್ರ ಬರೆಸಿಕೊಂಡು ಬಿತ್ತುತ್ತಾನೆ? ರೋಹಿಣಿ ಹದವಾಗಿ ಬಂದರೂ ಆರಿದ್ರೆ ಬಾರದೆ ಹೋಗಬಹುದೆಂದು ಅವನು ಬಲ್ಲನು, ಬಲ್ಲವನಾಗಿಯೂ ಬಿತ್ತುತ್ತಾನೆ, ರಾಗಿಯ ಸಂಗಡ ಅವರೆಯನ್ನೂ ತೊಗರಿಯನ್ನೂ ಅಕ್ಕಡಿಯಾಗಿ ಹಾಕಿ, ಒಂದು ಹೋದರೆ ಒಂದು ಉಳಿಯಲೆಂದು ನೋಡಿಕೊಳ್ಳುತ್ತಾನೆ. ಅನಿಶ್ಚಯದ ನಡುವೆ ಬುದ್ಧಿಯಿಂದ ನಡೆಯುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಥವನಿಗೆ ಇಷ್ಟು ನಿಶ್ಚಯ, ಇಷ್ಟು ಸಂಭವ, ಇಷ್ಟು ತಿಳಿಯದು ಎಂದು ಬಿಡಿಸಿ ಹೇಳುವದು ಅವನನ್ನು ಗೌರವಿಸಿದಂತೆ. ವಯನಾಡಿನ ಅನಾಹುತವನ್ನು ಪರೀಕ್ಷಿಸಿದ ಹಲವು ದೇಶಗಳ ವಿಜ್ಞಾನಿಗಳು ಹಾಗೆಯೇ ಮಾಡಿದರು. ಭೂಮಿ ಬಿಸಿಯಾದ ಕಾರಣ ಆ ದಿನದ ಮಳೆಯ ಬಿರುಸು ನೂರಕ್ಕೆ ಸುಮಾರು 10ರಷ್ಟು ಹೆಚ್ಚಿತೆಂದು ಅವರು ಹೇಳಿದರು. ಬೆಟ್ಟದ ಸೀಮೆಯ ಮಳೆಯ ಲೆಕ್ಕದಲ್ಲಿ ಅನಿಶ್ಚಯವು ದೊಡ್ಡದೆಂದೂ ಸೇರಿಸಿದರು. ನೂರಕ್ಕೆ 10 ಎಂಬದು ಸಣ್ಣ ಮಾತೆಂದು ಎಣಿಸಬೇಡಿರಿ. ಕೋಡಿಯ ಅಂಚಿಗೆ ಬಂದಿರುವ ಕೆರೆಗೆ ಕೊನೆಯ ಹತ್ತು ಪಾಲಿನ ನೀರೇ ಏರಿಯನ್ನು ಒಡೆಯುವಂಥಾದ್ದು.

ಹೆಚ್ಚಿಸಿ ಹೇಳುವದು ಒಂದು ತಪ್ಪಾದರೆ, ಹೊರೆಯನ್ನು ತಪ್ಪಾದ ತಲೆಯ ಮೇಲೆ ಹೊರಿಸುವದು ಇನ್ನೊಂದು ತಪ್ಪು. ಕೆಲವು ಕರಪತ್ರಗಳು ಕೂಲಿಮಾಡಿ ಬದುಕುವ ಹೆಂಗಸಿಗೆ, ನೀನು ಭೂಮಿಯನ್ನು ಕೆಡಿಸುತ್ತಿದ್ದೀ, ಎಂಬ ಧ್ವನಿಯಲ್ಲಿ ಮಾತಾಡುತ್ತವೆ. ಲೆಕ್ಕವನ್ನು ನೋಡಿರಿ. ಅಮೇರಿಕಾ ದೇಶದಲ್ಲಿ ತಲೆಗೆ ವರುಷಕ್ಕೆ ಸುಮಾರು 14 ಟನ್ನು ಇಂಗಾಲಾಮ್ಲ ವಾಯು ಹೊರಡುವಾಗ, ನಮ್ಮ ದೇಶದಲ್ಲಿ ತಲೆಗೆ ಸುಮಾರು 2 ಟನ್ನು. ಆ ಎರಡು ಟನ್ನಿನಲ್ಲಿಯೂ ಪಟ್ಟಣದ ಧನಿಕನ ಪಾಲು ಬಹಳ, ಹಳ್ಳಿಯ ಬಡವಳ ಪಾಲು ಅಲ್ಪ. ಅವಳಿಗೆ ನಾಚಿಕೆ ಹುಟ್ಟಿಸಿ ಕೆಲಸ ಮಾಡಿಸಿಕೊಳ್ಳುವವನು, ಸಾಲಮಾಡದವಳ ಬಾಗಿಲಲ್ಲಿ ನಿಂತು ಸಾಲ ವಸೂಲುಮಾಡುವವನಿಗೆ ಸಮಾನನು. ಆಕೆಗೆ ಹೇಳತಕ್ಕ ಸತ್ಯವು ಬೇರೆ: ಅಮ್ಮಾ, ಈ ಕೇಡನ್ನು ಹೆಚ್ಚಾಗಿ ಮಾಡಿದವರು ಬೇರೆಯವರು, ಆದರೆ ನೆರೆಯೂ ಬರವೂ ನಿನ್ನ ಮನೆಗೆ ಮೊದಲು ಬರುತ್ತವೆ, ನಿನ್ನನ್ನು ಕಾಪಾಡಿಕೊಳ್ಳುವದಕ್ಕೆ ಇಂಥಿಂಥದನ್ನು ಮಾಡಬಹುದು, ಮಾಡಿದವರಿಂದ ನ್ಯಾಯವನ್ನು ಕೇಳುವದಕ್ಕೆ ನಿನಗೆ ಹಕ್ಕುಂಟು. ಹೀಗೆ ಬರೆದರೆ ಆಕೆಯು ಅರ್ಜಿಗೆ ರುಜುಹಾಕುವಾಗ ತಲೆಯೆತ್ತಿ ಹಾಕುವಳು.

ಮೂರನೆಯ ತಪ್ಪು ಸುಳ್ಳು ವಾಗ್ದಾನ. ಇದಕ್ಕೆ ಕಳಲೆಯ ಚರಿತ್ರೆಯಲ್ಲಿಯೇ ಒಂದು ಪಾಠವುಂಟು. ಮೈಸೂರಿನ ದಳವಾಯಿಗಳು ಈ ಕಳಲೆಯ ಮನೆತನದವರು. ಅವರಲ್ಲಿ ನಂಜರಾಜಯ್ಯನು 1752ರಲ್ಲಿ ದೊಡ್ಡ ಸೈನ್ಯವನ್ನು ಕೂಡಿಸಿಕೊಂಡು ತಿರುಚನಾಪಳ್ಳಿಗೆ ಹೋದನು. ಯಾಕಂದರೆ ಮುತ್ತಿಗೆಗೆ ಸಿಕ್ಕಿಬಿದ್ದಿದ್ದ ಮಹಮ್ಮದಾಲಿಯು, ನನಗೆ ಸಹಾಯ ಮಾಡಿದರೆ ಆ ಪಟ್ಟಣವನ್ನೇ ಕೊಡುವೆನೆಂದು ಮಾತುಕೊಟ್ಟಿದ್ದನು. ಶತ್ರುವು ಸೋತ ಮೇಲೆ ಅವನು ಮಾತಿಗೆ ತಪ್ಪಿದನು. ನಂಜರಾಜಯ್ಯನು ಅದನ್ನು ಪಡೆಯಲೇಬೇಕೆಂದು 1755ರ ವರೆಗೆ ಅಲ್ಲಿಯೇ ಹಟಹಿಡಿದು, ಬರಿಗೈಯಲ್ಲಿ ಹಿಂದಿರುಗಿದನು. ಬೊಕ್ಕಸ ಬರಿದಾಯಿತು, ಸಿಪಾಯಿಗಳ ಸಂಬಳ ನಿಂತಿತು, ಮುಂದೆ ಆ ಮನೆತನದ ಅಧಿಕಾರವೇ ಹೈದರಾಲಿಯ ಕೈಗೆ ಜಾರಿತು. ಕೊಡುವ ಮನಸ್ಸಿಲ್ಲದವನ ಒಂದು ಮಾತು ಇಡೀ ರಾಜ್ಯಕ್ಕೆ ಇಷ್ಟು ಕೇಡು ಮಾಡಿತು. ಗಿಡ ನೆಟ್ಟರೆ ಮುಂದಿನ ವರುಷವೇ ಮಳೆ ಬರುವದು, ಈ ಪದ್ಧತಿಗೆ ಸೇರಿದರೆ ಇಂಗಾಲದ ಹಣವು ನಿಮ್ಮ ಕೈಸೇರುವದು, ಎಂದು ಆಧಾರವಿಲ್ಲದೆ ಬರೆಯುವವನು ಬಡ ರೈತನ ಸಣ್ಣ ಬೊಕ್ಕಸದ ಮೇಲೆ ಅದೇ ಕೆಲಸವನ್ನು ಮಾಡುತ್ತಾನೆ.

ಹಾಗಾದರೆ ಮನವೊಲಿಸುವದೇ ತಪ್ಪೋ? ಎಂದಿಗೂ ಅಲ್ಲ. ನೆರೆಯವನಿಗೆ ಒಳ್ಳೇದನ್ನು ತೋರಿಸಿ, ಬಾ ಎಂದು ಕರೆಯುವದು ಪ್ರೀತಿಯ ಕೆಲಸವೇ. ಆದರೆ ಕರೆಯುವದು ಬೇರೆ, ಎಳೆದುಕೊಂಡು ಹೋಗುವದು ಬೇರೆ. ಕರೆಯಲ್ಪಟ್ಟವನು ತನ್ನ ಕಣ್ಣಿನಿಂದ ನೋಡಿ, ತನ್ನ ಬುದ್ಧಿಯಿಂದ ಅಳೆದು, ತನ್ನ ಕಾಲಿನಿಂದ ನಡೆದು ಬರುತ್ತಾನೆ. ಸುಳ್ಳಿನಿಂದ ಎಳೆಯಲ್ಪಟ್ಟವನು ಹಗ್ಗ ಸಡಲಿದೊಡನೆ ಹಿಂದಿರುಗುತ್ತಾನೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಗ್ರಾಮತಂತ್ರದ ವಿಭಾಗದಿಂದ ಹೊಗೆಯಿಲ್ಲದ ಅಸ್ತ್ರ ಒಲೆಯು ನಮ್ಮ ಹಳ್ಳಿಗಳಿಗೆ ಬಂತು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಿಂದ ಹೊರಗೆ ಹೋಗುವದು, ಎಂಬದು ಅದರ ಪರವಾದ ಮಾತು. ಅದನ್ನು ನಂಬಬೇಕೋ ಬಾರದೋ ಎಂದು ಗೃಹಿಣಿಯು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂರು ದಿನ ಅಡಿಗೆ ಮಾಡಿ ತಾನೇ ಪರೀಕ್ಷಿಸಬಹುದಾಗಿತ್ತು. ಓದುವವರು ತಾವೇ ಪರೀಕ್ಷಿಸಬಹುದಾದ ಮಾತಿಗಿಂತ ಬಲವಾಗಿ ಮನವೊಲಿಸುವ ಮಾತು ಬೇರೊಂದಿಲ್ಲ.

ಭತ್ತದ ಗದ್ದೆಯ ವಿಷಯವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಸದಾ ನೀರು ನಿಂತ ಗದ್ದೆಯಿಂದ ಮಿಥೇನ್ ಎಂಬ ವಾಯು ಹೊರಟು ಭೂಮಿಯನ್ನು ಬಿಸಿಮಾಡುತ್ತದೆ. ನೀರನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಅದು ಕಡಿಮೆಯಾಗುವದು. ಇದನ್ನು ಸಂಘವು ಎರಡು ವಿಧವಾಗಿ ಬರೆಯಬಹುದು. ಒಂದನೆಯದು: ‘ಹವಾಗುಣ ವೈಪರೀತ್ಯದ ಉಪಶಮನಾರ್ಥವಾಗಿ ಸುಸ್ಥಿರ ಜಲ ನಿರ್ವಹಣಾ ಕ್ರಮಗಳನ್ನು ಕೈಗೊಳ್ಳಲಾಗುವದು.’ ಎರಡನೆಯದು: ‘ಗದ್ದೆಯಲ್ಲಿ ತೂತುಗಳಿರುವ ಕೊಳವೆಯೊಂದನ್ನು ಹೂಳಿರಿ. ಅದರೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಗೆ ಇಳಿದ ಮೇಲೆ ಮತ್ತೆ ನೀರು ಕಟ್ಟಿರಿ. ತೆನೆ ಹೂವಾಗುವ ಕಾಲದಲ್ಲಿ ಮಾತ್ರ ಒಣಗಿಸಬೇಡಿರಿ. ನೀರು ಉಳಿಯುವದು, ಗದ್ದೆಯಿಂದ ಹೊರಡುವ ಕೆಟ್ಟ ವಾಯು ಕಡಿಮೆಯಾಗುವದು. ಆದರೆ ಕಳೆ ಹೆಚ್ಚೀತು; ನಾಲೆಯ ನೀರು ಸರದಿಯ ಮೇಲೆ ಬರುವ ಕಡೆ ಇದು ಕಷ್ಟ.’ ಮೊದಲನೆಯದನ್ನು ಓದಿ ಯಾರೂ ಎದ್ದು ಹೊಲಕ್ಕೆ ಹೋಗುವದಿಲ್ಲ. ಎರಡನೆಯದರಲ್ಲಿ ಕಷ್ಟವನ್ನೂ ಮುಚ್ಚಿಡದೆ ಹೇಳಿರುವದರಿಂದಲೇ ಲಾಭದ ಮಾತೂ ನಂಬಿಕೆಗೆ ಯೋಗ್ಯವಾಗುತ್ತದೆ.

‘ಕೈಗೊಳ್ಳಲಾಗುವದು’ ಎಂಬ ಶಬ್ದದ ವಿಷಯವಾಗಿ ಇನ್ನೊಂದು ಮಾತು. ಕೈಗೊಳ್ಳುವವರು ಯಾರು? ಸಂಘದ ಅಧ್ಯಕ್ಷನೋ, ಪಂಚಾಯಿತಿಯೋ, ರೈತನೋ? ಯಾವಾಗ? ಯಾರ ಹಣದಿಂದ? ಆ ಶಬ್ದವು ಇದೆಲ್ಲವನ್ನೂ ಸೆರಗಿನೊಳಗೆ ಬಚ್ಚಿಡುತ್ತದೆ. ಕರ್ತೃವಿಲ್ಲದ ವಾಕ್ಯವು ವ್ಯಾಕರಣದಲ್ಲಿ ಸರಿಯಾಗಿರಬಹುದು; ಸಂಘದ ಬರಹದಲ್ಲಿ ಅದು ಅನೇಕಸಾರಿ ಹೊಣೆಯಿಂದ ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲಾಗಿರುತ್ತದೆ. ಕೆರೆಯ ಹೂಳನ್ನು ಇಂಥವರು ಇಂಥ ತಿಂಗಳೊಳಗೆ ತೆಗೆಯುವರು, ಇಷ್ಟು ಖರ್ಚು, ಹೂಳುಮಣ್ಣು ಇಂಥವರ ಹೊಲಕ್ಕೆ, ಎಂದು ಬರೆದರೆ ಸ್ಪಷ್ಟತೆಯೂ ಪ್ರಾಮಾಣಿಕತೆಯೂ ಒಂದೇ ಆಗುವವು.

ಕಡೆಯದಾಗಿ, ಬರೆಯುವವನಿಗೆ ಬಹು ಕಠಿಣವಾದ ಪರೀಕ್ಷೆಯು ಹಣಕೊಟ್ಟವರಿಗೆ ಕಳುಹಿಸುವ ವರದಿಯಲ್ಲಿರುವದು. ಊರಿನಲ್ಲಿ, ನಿಮ್ಮ ಜಾಣತನದಿಂದ ಕೆಲಸ ಕೈಗೂಡಿತು, ಎಂದು ಹೊಗಳಿ, ದೂರದವರಿಗೆ, ಇಲ್ಲಿಯವರು ಏನೂ ತಿಳಿಯದ ದಿಕ್ಕಿಲ್ಲದವರು, ನಾವು ಬಂದು ಉದ್ಧಾರಮಾಡಿದೆವು, ಎಂದು ಬರೆಯುವದುಂಟು. ಸಾವಿರ ಸಸಿ ನೆಟ್ಟೆವೆಂದು ಬರೆದು, ಮೂರನೆಯ ಬೇಸಿಗೆಯ ತರುವಾಯ ಎಷ್ಟು ಬದುಕಿವೆಯೆಂಬದನ್ನು ಬರೆಯದೆ ಬಿಡುವದುಂಟು. ನೆಟ್ಟ ಸಂಖ್ಯೆಯು ಸುಳ್ಳಲ್ಲ. ಆದರೂ ಅದನ್ನು ಓದಿದವನ ಮನಸ್ಸಿನಲ್ಲಿ ನೆರಳುಕೊಡುವ ಸಾವಿರ ಮರಗಳು ನಿಲ್ಲುತ್ತವೆ. ಕಣ್ಣಿಗೆ ಸುಳ್ಳಾಗಿ ಕಾಣದ ಈ ಸುಳ್ಳು ಇತರ ಸುಳ್ಳುಗಳಿಗಿಂತ ಹೆಚ್ಚು ಅಪಾಯಕರವಾದದ್ದು. ಇದನ್ನು ಬರೆದವನ ಮನಸ್ಸಾಕ್ಷಿಯೂ ಅವನನ್ನು ಬೇಗ ಚುಚ್ಚುವದಿಲ್ಲ. ಇದರ ಫಲವನ್ನು ಉಣ್ಣುವವರು ಯಾರು? ಸಸಿಗಳಿಗೆ ನೀರಿನ ಏರ್ಪಾಡಿಲ್ಲದ್ದರಿಂದ ಅವು ಒಣಗಿದವೆಂಬ ಸಂಗತಿ ತಿಳಿಯದೆ, ಮುಂದಿನ ಊರಿಗೂ ನೀರಿಲ್ಲದ ಸಸಿಗಳನ್ನೇ ಕಳುಹಿಸುವರು. ಒಂದು ಊರಿನಲ್ಲಿ ಮುಚ್ಚಿಟ್ಟ ಸೋಲನ್ನು ಹತ್ತು ಊರುಗಳು ಅನುಭವಿಸಬೇಕಾಗುವದು.

ಇದಕ್ಕೆ ಸುಲಭವಾದ ಒಂದು ಒರೆಗಲ್ಲುಂಟು. ಕರಪತ್ರವಾಗಲಿ, ಅರ್ಜಿಯಾಗಲಿ, ವರದಿಯಾಗಲಿ, ಅಂಚೆಗೆ ಹಾಕುವದಕ್ಕೆ ಮುಂಚೆ ಅದನ್ನು ಊರಿನ ಕೂಟದಲ್ಲಿ, ಯಾರ ಸಂಗತಿಯನ್ನು ಬರೆದಿರುವಿರೋ ಅವರ ಮುಂದೆ, ಗಟ್ಟಿಯಾಗಿ ಓದಿರಿ. ಓದುಬಾರದ ಅಜ್ಜಿಯು ಕೇಳಿ, ಹೌದು, ಹೀಗೆಯೇ ನಡೆದದ್ದು, ಎನ್ನಬೇಕು. ಎಲ್ಲಿ ಓದುವವನ ಧ್ವನಿ ತಗ್ಗುತ್ತದೋ, ಎಲ್ಲಿ ಅವನು ಒಂದು ಸಾಲನ್ನು ಹಾರಿಸಬೇಕೆಂದು ಬಯಸುತ್ತಾನೋ, ಅಲ್ಲಿಯೇ ತಿದ್ದತಕ್ಕದ್ದುಂಟು. ಅವರಿಗೆ ಅರ್ಥವಾಗದ ಶಬ್ದವಿದ್ದರೆ ಅದನ್ನು ಬಿಟ್ಟು ಅವರ ಬಾಯಿಯ ಶಬ್ದವನ್ನೇ ಹಾಕಿರಿ. ಈ ಒಂದು ಅಭ್ಯಾಸದಿಂದ ಬರಹವು ತಿಳಿಯಾಗುವದು, ನಿಜವಾಗುವದು, ಬಲವೂ ಹೊಂದುವದು. ತಾಲ್ಲೂಕು ಕಚೇರಿಯಲ್ಲಿ ಯಾರಾದರೂ, ಇದು ಹೌದೋ, ಎಂದು ಕೇಳಿದರೆ ಊರೆಲ್ಲಾ ಎದ್ದುನಿಂತು ಹೌದೆನ್ನುವದು.

ಪ್ರಿಯರೇ, ಹವಾಗುಣದ ಈ ಕೆಲಸವು ಒಂದು ಮಳೆಗಾಲದಲ್ಲಿ ಮುಗಿಯುವಂಥಾದ್ದಲ್ಲ. ನಮ್ಮ ಮಕ್ಕಳೂ ಅವರ ಮಕ್ಕಳೂ ಅದನ್ನು ನಡಿಸಬೇಕಾಗಿದೆ. ಅಷ್ಟು ದೀರ್ಘವಾದ ಕೆಲಸಕ್ಕೆ ಬೇಕಾಗುವದು ಒಂದು ದಿನದ ಅಬ್ಬರವಲ್ಲ, ವರುಷಗಟ್ಟಲೆ ಉಳಿಯುವ ನಂಬಿಕೆ. ನಂಬಿಕೆಯು ಕೆರೆಯ ಏರಿಯ ಹಾಗೆ; ಕಟ್ಟುವದಕ್ಕೆ ಅನೇಕರ ಕೈಯೂ ಅನೇಕ ದಿನಗಳೂ ಬೇಕು, ಒಡೆಯುವದಕ್ಕೆ ಇಲಿಯ ಒಂದು ಬಿಲ ಸಾಕು. ಆದಕಾರಣ ಒಳ್ಳೇ ಕಾರ್ಯಕ್ಕಾಗಿ ಮಾತನ್ನು ಹೆಚ್ಚಿಸಿ ಹೇಳಬಹುದೋ ಎಂಬ ಪ್ರಶ್ನೆಗೆ ನಮ್ಮ ಉತ್ತರವು, ಕಾರ್ಯವು ಒಳ್ಳೇದಾಗಿರುವದರಿಂದಲೇ ಹೆಚ್ಚಿಸಿ ಹೇಳಕೂಡದು, ಎಂಬದೇ. ನಿಮ್ಮಲ್ಲಿ ಯಾರ ಕೈಯಲ್ಲಿ ಸಂಘದ ಲೇಖನಿ ಇದೆಯೋ ಅವರು ಈ ತಿಂಗಳು ಬರೆಯತಕ್ಕ ಮೊದಲನೆಯ ಕಾಗದವನ್ನು ಊರವರ ಮುಂದೆ ಓದಿ ನೋಡಲಿ.